ಕಿಟಕಿ ಪಕ್ಕದ ಕಣ್ಣೀರು

ಹೌದಪ್ಪನವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಸಂಬಳದ ದಿನ ಬಿಟ್ಟರೆ ಅದರ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ಯಾರು ಏನೇ ಹೇಳಲಿ, ಇವರ ತಲೆ ಮೇಲಿಂದ ಕೆಳಕ್ಕೆ ಆಡುತ್ತಿತ್ತು. ಅದು ಅಡ್ಡಡ್ಡ ಆಡಿದ್ದನ್ನು ಕಂಡವರಿಲ್ಲ. ಹಾಗಾಗಿ ಹೌದಪ್ಪ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಬರಬರುತ್ತಾ ಎದುರಿಗೇ ಕರೆಯತೊಡಗಿದರು. ಹೀಗೆ ಕರೆದರೆ ಅಡ್ಡಿಯಿಲ್ಲವಷ್ಟೇ ಎಂದು ಹೆಡ್ ಗುಮಾಸ್ತರು ಒಮ್ಮೆ ಕೇಳಿದರು. ಅದಕ್ಕೂ ತಲೆ ಮೇಲಿಂದ ಕೆಳಕ್ಕೇ ಆಡಿದ್ದರಿಂದ ಆ ವಿಷಯ ಅಲ್ಲಿಗೆ ತೀರ್ಮಾನವಾಯಿತು.

ಅದೊಂದು ಒಣ ಊರು. ಮೋಡಗಳು ಊರಿನ ಮೇಲೆ ಹಾದು ಹೋಗುತ್ತಿದ್ದವೇ ಹೊರತು ನಿಲ್ಲುತ್ತಿರಲಿಲ್ಲ. ನೆರಳು ಬೇಕು, ಆದರೆ ನೀರು ಹಾಕಲಾರೆವು ಎಂದ ಊರಿನ ಹಿರಿಯರು ನೀರನ್ನೇ ಕೇಳದ ಒಂದು ಜಾತಿಯ ಮರವನ್ನು ಎಲ್ಲಿಂದಲೋ ತರಿಸಿ ಬೀದಿಬೀದಿಗೆ ನೆಟ್ಟಿದ್ದರು. ಮರ ಮಾತಿಗೆ ತಪ್ಪಲಿಲ್ಲ, ನೀರು ಕೇಳಲಿಲ್ಲ. ಚಳಿ ಕಳೆದು ಬಿಸಿಲೇರುವ ಹೊತ್ತಿಗೆ ಮಾತ್ರ ಮೈತುಂಬ ಹೂ ಬಿಟ್ಟು, ಊರಿಗೆಲ್ಲ ಹಳದಿ ಹುಡಿ ಎರಚುತ್ತಿತ್ತು. ಒಂದು ಮಳೆ ಬಿದ್ದರೆ ಅದು ನೆಲ ಕಚ್ಚೀತು. ಮಳೆ ಎಲ್ಲಿಂದ ಬರಬೇಕು? ಎರಡು ತಿಂಗಳು ಆ ಹುಡಿ ಗಾಳಿಯಲ್ಲೇ ಸಂಸಾರ ಮಾಡುತ್ತಿತ್ತು. ಊರಿನ ಅರ್ಧ ಜನಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ. ಉಳಿದರ್ಧ ಜನ ಸೀನುತ್ತಿದ್ದರು. ಏನೂ ಆಗದವರು ಸೀನುವವರನ್ನು ಮನೋಬಲ ಇಲ್ಲದವರು ಎಂದು ಕರೆಯುತ್ತಿದ್ದರು.

ಮೀಟರ್ ವಿಭಾಗದ ಸಾಹೇಬರು ಏನೂ ಆಗದವರ ಪಂಗಡಕ್ಕೆ ಮುಖಂಡರಿದ್ದಂತೆ. ಅವರಿಗೆ ಜೀವನದಲ್ಲಿ ಒಂದೇ ಒಂದು ಸಿದ್ಧಾಂತವಿತ್ತು, ಅದು ಗಾಳಿ. ತಲೆನೋವಿಗೆ ಗಾಳಿ, ಅಜೀರ್ಣಕ್ಕೆ ಗಾಳಿ, ಬಾಕಿ ಬಿದ್ದ ಕೆಲಸಕ್ಕೂ ಗಾಳಿ. ಈ ವಿಭಾಗಕ್ಕೆ ಬಂದ ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇನ್ನು ಮೇಲೆ ಕಿಟಕಿಗಳು ತೆರೆದೇ ಇರುತ್ತವೆ, ತೊಂದರೆ ಆಗುವವರಿದ್ದರೆ ಈಗಲೇ ಹೇಳಿ, ಆಮೇಲೆ ಮೂಗೆಳೆಯಬೇಡಿ ಎಂದರು. ಹೆಡ್ ಗುಮಾಸ್ತರು ಹೌದಪ್ಪನವರ ಬೆನ್ನಿಗೆ ತಿವಿದು ಮುಂದಕ್ಕೆ ದಬ್ಬಿದರು. ಹೂವಿನ ಕಾಲದಲ್ಲಿ ಈ ಮನುಷ್ಯನ ಮೂಗು, ಕಣ್ಣು, ಗಂಟಲು ಮೂರೂ ಕೈಕೊಡುವುದು ಕಚೇರಿಗೆಲ್ಲ ಗೊತ್ತಿತ್ತು.

ಸಾಹೇಬರು ಹುಬ್ಬು ಏರಿಸಿದರು. "ಏನ್ರೀ, ನಿಮಗೇನಾದ್ರೂ ತೊಂದ್ರೆ ಉಂಟಾ?"

ಜೀವಮಾನದಲ್ಲಿ ಒಂದೇ ಒಂದು ಸಲ ಹೌದು ಎನ್ನಲು ನಿಜವಾದ ಕಾರಣ ಸಿಕ್ಕಿದ್ದ ಆ ಗಳಿಗೆಯಲ್ಲಿ ಹೌದಪ್ಪನವರು ಇಲ್ಲ ಎಂದುಬಿಟ್ಟರು. ಬರೀ ಇಲ್ಲ ಎಂದು ಸುಮ್ಮನಿದ್ದರೂ ಆಗುತ್ತಿತ್ತು. ಗಾಳಿ ಇಲ್ಲದಿದ್ದರೆ ತನಗೆ ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಅದಕ್ಕೊಂದು ಬಾಲ ಬೇರೆ ಸೇರಿಸಿದರು. ಸಾಹೇಬರಿಗೆ ಆನಂದವಾಯಿತು. ಕಿಟಕಿಗೆ ಅಂಟಿಕೊಂಡಿದ್ದ ಮೇಜನ್ನು ಅವರಿಗೆ ಬಹುಮಾನವಾಗಿ ಕೊಟ್ಟರು. ಕಿಟಕಿಯಾಚೆ ಕೈಚಾಚಿದರೆ ಎಟುಕುವಷ್ಟು ಹತ್ತಿರ ಆ ಮರ. ಯಾರೂ ಕದ್ದು ಮುಚ್ಚಬಾರದೆಂದು ಮೀಟರ್ ರಿಪೇರಿ ಮಾಡುವ ಮೇಸ್ತ್ರಿಯನ್ನು ಕರೆಸಿ ಕಿಟಕಿ ಬಾಗಿಲುಗಳನ್ನೆಲ್ಲ ಗೋಡೆಗೆ ತಂತಿಯಿಂದ ಬಿಗಿಸಿದರು, ಚಿಲಕಗಳನ್ನು ಗರಗಸದಿಂದ ಕುಯ್ಯಿಸಿ ಹಾಕಿದರು.

ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಲ್ಲಿಂದಾಚೆ ಪ್ರತಿ ವರ್ಷ ಹೂವಿನ ಕಾಲದಲ್ಲಿ ಹೌದಪ್ಪನವರು ಮೀಟರ್ ಅಂಕಿಗಳ ಮೇಲೆ ಕಣ್ಣೀರು ಸುರಿಸುತ್ತಾ ಕೆಲಸ ಮಾಡಿದರು. ಮಾತ್ರೆ ನುಂಗಿದರೆ ಕಣ್ಣು ಮೂಗು ನಿಲ್ಲುತ್ತಿತ್ತು, ಆದರೆ ನಿದ್ದೆ ಒತ್ತರಿಸಿಕೊಂಡು ಬರುತ್ತಿತ್ತು. ತೂಕಡಿಸಿ ತಲೆ ಮೇಲೆ ಕೆಳಗೆ ಆಡುವುದನ್ನು ಸಾಹೇಬರು ದೂರದಿಂದ ನೋಡಿ, ಈ ಮನುಷ್ಯ ನಾನು ಮಾತಾಡದೆ ಇದ್ದಾಗಲೂ ನನ್ನನ್ನು ಒಪ್ಪುತ್ತಾನಲ್ಲ ಎಂದು ಮೆಚ್ಚಿಕೊಳ್ಳುತ್ತಿದ್ದರು.

ಮನೆಯಲ್ಲಿ ಹೆಂಡತಿಯ ಕಾವಲು ಇದ್ದುದರಿಂದ ಬದುಕಿಕೊಂಡಿದ್ದರು. ಆಕೆ ಹೂವಿನ ಕಾಲ ಬಂತೆಂದರೆ ಕಿಟಕಿಗಳಿಗೆ ಒದ್ದೆ ಸೀರೆ ಕಟ್ಟುತ್ತಿದ್ದಳು. ಬಟ್ಟೆಯನ್ನು ಹೊರಗೆ ಒಣಗಿಸದೆ ನಡುಮನೆಯಲ್ಲೇ ಹಗ್ಗ ಎಳೆದು ನೇತುಹಾಕುತ್ತಿದ್ದಳು. ಗಂಡ ಸಂಜೆ ಬಂದರೆ ಹೊಸ್ತಿಲಲ್ಲೇ ನಿಲ್ಲಿಸಿ, ಅಂಗಿ ಬಿಚ್ಚಿಸಿ, ತಲೆಗೆ ನೀರು ಹಾಕಿ, ಉಪ್ಪುನೀರಿನಲ್ಲಿ ಮೂಗು ತೊಳೆಸಿ, ಆಮೇಲೆ ಮಾತಾಡಿಸುತ್ತಿದ್ದಳು. ನೀರನ್ನು ಮಿತವಾಗಿ ಬಳಸಿ ಎಂದು ಊರಿಗೆಲ್ಲ ಹೇಳುವ ಕಚೇರಿಯ ನೌಕರ, ತನ್ನ ಒಂದು ಮೂಗಿಗೆ ದಿನಕ್ಕೆ ಎರಡು ಚೊಂಬು ನೀರು ಖರ್ಚು ಮಾಡುವುದನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಮೇಲಿಂದ ನೋಡಿ ತಲೆಯಲ್ಲಾಡಿಸುತ್ತಿದ್ದರು.

ಹೀಗಿರುವಾಗ ಸಾಹೇಬರು ನಿವೃತ್ತರಾಗುವ ದಿನ ಹತ್ತಿರ ಬಂತು. ಇಷ್ಟವಿದ್ದರೆ ಇನ್ನೆರಡು ವರ್ಷ ಮುಂದುವರಿಯಿರಿ ಎಂದು ಮೇಲಿನವರು ಕೇಳಿದ್ದರಂತೆ. ಬೇಡವಾದ ಕಡೆ ಇರಬಾರದು ಎಂದು ಸಾಹೇಬರು ನಿರಾಕರಿಸಿದ್ದರು. ಹಾಗೆ ಹೇಳಿ, ಯಾರಾದರೂ ಛೇ ಛೇ ಎನ್ನುತ್ತಾರೇನೋ ಎಂದು ಸುತ್ತ ನೋಡಿದರು. ಯಾರೂ ಎನ್ನಲಿಲ್ಲ. ಬೇರೆ ಸಮಯದಲ್ಲಿ ಯಾವುದಕ್ಕೂ ಒಮ್ಮತಕ್ಕೆ ಬಾರದ ಮೀಟರ್ ವಿಭಾಗ ಆ ಒಂದು ಮೌನದಲ್ಲಿ ಒಂದಾಯಿತು.

ಆಮೇಲೆ ಕಚೇರಿಗೆ ಕಳೆ ಬಂತು. ಸಾಹೇಬರ ಕುರ್ಚಿ ಇನ್ನು ಹೆಡ್ ಗುಮಾಸ್ತರದ್ದು. ಅವರು ಸಾಹೇಬರಿಲ್ಲದ ಹೊತ್ತು ನೋಡಿ ಅದರಲ್ಲಿ ಕೂತು ಬೆನ್ನಿಗೆ ಹೊಂದುತ್ತದೆಯೇ ಎಂದು ನೋಡಿಕೊಂಡರು. ಬಿಲ್ ಕೌಂಟರಿನ ಅಕ್ಕ ಕಿಟಕಿಗೆ ಪರದೆಯ ಬಟ್ಟೆ ಆರಿಸಿದಳು. ಮೇಸ್ತ್ರಿ ಯಾರೂ ಹೇಳದೆಯೇ ಹೊಸ ಚಿಲಕಗಳನ್ನು ತಯಾರು ಮಾಡಿ ಡ್ರಾಯರಿನಲ್ಲಿಟ್ಟ. ಹೌದಪ್ಪನವರ ಸಂತೋಷವನ್ನಂತೂ ಕೇಳಬೇಡಿ. ಮುಚ್ಚಿದ ಕಿಟಕಿಯ ಪಕ್ಕ ಒಣ ಮೂಗಿನಿಂದ ಕೂತು ಅಂಕಿ ಬರೆಯುವ ಕನಸನ್ನು ಹಗಲಿನಲ್ಲೇ ಕಂಡರು. ಎಲ್ಲರೂ ಸೇರಿ ಸಾಹೇಬರಿಗೆ ಒಂದು ಗೋಡೆ ಗಡಿಯಾರ ತಂದರು. ಅಷ್ಟು ಮನಃಪೂರ್ವಕವಾಗಿ ಕೊಟ್ಟ ಉಡುಗೊರೆಯನ್ನು ಆ ಕಚೇರಿ ಅದುವರೆಗೆ ಕಂಡಿರಲಿಲ್ಲ.

ಬೀಳ್ಕೊಡುಗೆ ಬಯಲಲ್ಲೇ ಆಗಲಿ ಎಂದರು ಸಾಹೇಬರು. ಅವರ ಕೊನೆಯ ಆಸೆ ಎಂದು ಎಲ್ಲರೂ ಒಪ್ಪಿದರು. ಕಚೇರಿಯ ಅಂಗಳದಲ್ಲಿ, ಪೂರ್ತಿ ಹೂ ಬಿಟ್ಟ ಮರದ ಕೆಳಗೆ ಕುರ್ಚಿಗಳನ್ನು ಹಾಕಿದರು. ಮೇಲಿನ ಕಚೇರಿಯ ಅಧಿಕಾರಿಯೂ ಒಬ್ಬರು ಬಂದಿದ್ದರು. ವಂದನಾರ್ಪಣೆಯ ಭಾರ ಹೌದಪ್ಪನವರ ಮೇಲೆ ಬಿತ್ತು, ಬೇಡ ಎನ್ನಲು ಬಾರದವರು ಆ ಕಚೇರಿಯಲ್ಲಿ ಅವರೊಬ್ಬರೇ ತಾನೇ. ಮಾತಿನ ನಡುವೆ ತೂಕಡಿಸಿ ಬಿದ್ದರೆ ಮರ್ಯಾದೆ ಹೋಗುತ್ತದೆಂದು ಅವರು ಅಂದು ಮಾತ್ರೆ ನುಂಗಿರಲಿಲ್ಲ.

ಮೊದಲು ಹೆಡ್ ಗುಮಾಸ್ತರು ಮಾತಾಡಿದರು. ಸಾಹೇಬರ ಗುಣಗಳನ್ನು ಹೇಳಲು ಎದ್ದು ಅವರ ಎತ್ತರವನ್ನು ಹೊಗಳಿ ಕೂತರು. ಅಕ್ಕ ಗಡಿಯಾರ ಕೊಟ್ಟಳು. ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಎಲ್ಲರ ಕಣ್ಣೂ ಒಣಗಿ ಖಣಖಣ ಎನ್ನುತ್ತಿದ್ದವು. ಸಾಹೇಬರು ಒಂದೊಂದೇ ಮುಖವನ್ನು ನೋಡುತ್ತಾ ಬಂದು ಕೊನೆಗೆ ಗಡಿಯಾರವನ್ನು ನೋಡುತ್ತಾ ಕೂತರು. ಆಗ ಹೌದಪ್ಪನವರು ಎದ್ದು ಮರದ ಬುಡದಲ್ಲಿ ಬಂದು ನಿಂತರು, ಗಾಳಿ ಬೀಸಿತು.

ಬಾಯಿಪಾಠ ಮಾಡಿಕೊಂಡಿದ್ದು ಸರಳವಾಗಿತ್ತು. ಸಾಹೇಬರು ನನಗೆ ಕಿಟಕಿಯ ಪಕ್ಕ ಜಾಗ ಕೊಟ್ಟರು, ಅದನ್ನು ಮರೆಯಲಾರೆ, ಎಲ್ಲರಿಗೂ ವಂದನೆಗಳು. ಸಾಹೇಬರು ಎಂದದ್ದೇ ಗಂಟಲು ಕಟ್ಟಿತು. ಕಿಟಕಿ ಎಂದಾಗ ಕಣ್ಣೀರು ಧಾರೆಗಟ್ಟಿತು. ಮರೆಯಲಾರೆ ಎನ್ನಲು ಹೋಗಿ ಬಿಕ್ಕಿದಂತೆ ಸದ್ದು ಬಂತು, ಅದು ಅಡಗಿಸಿಕೊಂಡ ಸೀನು. ಕರವಸ್ತ್ರ ಮುಖಕ್ಕೆ ಒತ್ತಿಕೊಂಡರು. ಹೆಗಲು ಕುಲುಕಿತು. ಮತ್ತೆ ಶುರು ಮಾಡಿದರು, ಮತ್ತೆ ಕುಲುಕಿತು. ಮೇಲಿನ ಕಚೇರಿಯ ಅಧಿಕಾರಿ ತಾವೂ ಗಂಭೀರವಾಗಿ ಕನ್ನಡಕ ತೆಗೆದು ಒರೆಸಿಕೊಂಡರು.

ಸಾಹೇಬರು ನಿಧಾನವಾಗಿ ಎದ್ದರು. ಹತ್ತಿರ ಬಂದು ಹೌದಪ್ಪನವರ ಎರಡೂ ಭುಜ ಹಿಡಿದುಕೊಂಡರು.

"ನನ್ನ ಸರ್ವಿಸ್‌ನಲ್ಲಿ ನನಗೋಸ್ಕರ ಯಾರೂ ಅತ್ತಿರಲಿಲ್ಲ ಕಣಯ್ಯಾ. ನೀನು ಹೀಗೆ ಅಳುವಾಗ ನಾನು ಹ್ಯಾಗೆ ಹೋಗಲಿ?" ಎಂದರು. ಅಷ್ಟು ವರ್ಷ ಬಹುವಚನದಲ್ಲಿ ಬೈದವರು ಅಂದು ಪ್ರೀತಿಯಿಂದ ಏಕವಚನಕ್ಕೆ ಇಳಿದರು. ಆಮೇಲೆ ಮೇಲಿನ ಅಧಿಕಾರಿಯ ಕಡೆ ತಿರುಗಿ, ಆ ಎರಡು ವರ್ಷವನ್ನು ಒಪ್ಪಿಕೊಂಡಿದ್ದೇನೆ ಎಂದು ಸಭೆಯ ಮುಂದೆಯೇ ಸಾರಿದರು.

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದದ್ದನ್ನು ಮೀಟರ್ ವಿಭಾಗ ಅಂದು ಕಣ್ಣಾರೆ ಕಂಡಿತು. ಆಗ ಹೆಡ್ ಗುಮಾಸ್ತರ ಕಣ್ಣಲ್ಲಿ ನೀರು ಬಂತು, ನಿಜವಾದದ್ದು. ಅದನ್ನು ಕಂಡ ಸಾಹೇಬರು ಅವರನ್ನೂ ಅಪ್ಪಿಕೊಂಡರು. ಗಡಿಯಾರವನ್ನು ವಾಪಸು ಕೇಳುವುದೋ ಬೇಡವೋ ಎಂಬ ಚರ್ಚೆ ಅಂದೇ ಸಂಜೆ ಶುರುವಾಗಿ ತೀರ್ಮಾನವಾಗದೆ ನಿಂತಿತು.

ಸುದ್ದಿ ಹೌದಪ್ಪನವರಿಗಿಂತ ಮೊದಲೇ ಅವರ ಮನೆ ಮುಟ್ಟಿತ್ತು. ಹೊಸ್ತಿಲಲ್ಲಿ ಹೆಂಡತಿಯ ಜೊತೆಗೆ ಭಾವಮೈದುನನೂ ನಿಂತಿದ್ದ. ಅವನು ಔಷಧಿ ಅಂಗಡಿ ಇಟ್ಟವನು. ನಾಲ್ಕು ಮಾತ್ರೆಗಳ ಹೆಸರು ಬಲ್ಲ ಕಾರಣ ಮನುಷ್ಯರ ಮನಸ್ಸನ್ನೂ ಬಲ್ಲೆ ಎಂದು ತಿಳಿದಿದ್ದ. ತಮ್ಮ ತಂದೆ ಸತ್ತಾಗ ಈ ಭಾವನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ಯಾರೋ ಸಾಹೇಬರಿಗೆ ಮಾತ್ರ ಹೊಳೆ ಹರಿಸಿದರಂತೆ, ಇದಕ್ಕೇನು ಅರ್ಥ ಎಂಬುದು ಅವನ ವಾದ. ಅದು ಮರದ ಕೆಲಸ ಎಂದು ಹೌದಪ್ಪನವರು ಹೇಳಿದರು.

"ಮರ ನಮ್ಮಪ್ಪ ಸತ್ತಾಗ್ಲೂ ಇಲ್ಲೇ ಇತ್ತಲ್ಲ ಭಾವ," ಎಂದ ಅವನು.

ಆಗ ಹೂವಿನ ಕಾಲ ಆಗಿರಲಿಲ್ಲ ಎಂದರೆ, ಅಪ್ಪ ಹೂವಿನ ಕಾಲ ನೋಡಿಕೊಂಡು ಸಾಯಬೇಕಿತ್ತೇ ಎಂದು ಕೇಳಿ ಹೊರಟುಹೋದ. ಹೆಂಡತಿಗೆ ನಿಜ ಏನೆಂದು ಗೊತ್ತಿತ್ತು. ಆದರೂ ತವರಿನ ಮಾತು ಬಂದಾಗ ನಿಜ ಗೊತ್ತಿರುವುದೇ ಬೇರೆ, ಅದನ್ನು ಒಪ್ಪುವುದೇ ಬೇರೆ. ಅಂದು ಆಕೆ ಮೂಗು ತೊಳೆಯಲು ಕೊಟ್ಟ ನೀರಿಗೆ ಉಪ್ಪು ಸ್ವಲ್ಪ ಜಾಸ್ತಿ ಬಿದ್ದಿತ್ತು.

ಪಕ್ಕದ ಮನೆಯ ಮೇಷ್ಟ್ರಿಗೆ ಮಾತ್ರ ಇದರಿಂದ ಲಾಭವಾಯಿತು. ಅವರು ಬಹಳ ಕಾಲದಿಂದ ಒಂದು ದೀರ್ಘ ಕಾವ್ಯ ಬರೆಯುತ್ತಿದ್ದರು, ಕೇಳುವ ಹೃದಯ ಸಿಕ್ಕಿರಲಿಲ್ಲ. ಇಷ್ಟು ಮೃದುವಾದ ಜೀವ ಕಾಂಪೌಂಡಿನಾಚೆಯೇ ಇದೆಯೆಂದು ತಿಳಿಯದೆ ಹೋಯಿತಲ್ಲ ಎಂದು ಹೌದಪ್ಪನವರನ್ನು ರಜೆಯ ದಿನ ಜಗುಲಿಗೆ ಕರೆಸಿ ಕೂರಿಸಿಕೊಂಡರು. ಜಗುಲಿಯ ಮುಂದೆಯೂ ಅದೇ ಮರ. ಮೊದಲ ಪುಟ ಮುಗಿಯುವಷ್ಟರಲ್ಲಿ ಕೇಳುಗರ ಕಣ್ಣು ತುಂಬಿ ಹರಿಯಿತು. ಕಾವ್ಯ ಆಗಿನ್ನೂ ನಾಯಕನ ಕುದುರೆಯ ವರ್ಣನೆಯಲ್ಲಿತ್ತು. ಕುದುರೆಗೇ ಹೀಗಾದರೆ ನಾಯಕ ಸಾಯುವಾಗ ಗತಿಯೇನು ಎಂದು ಮೇಷ್ಟ್ರು ಉಬ್ಬಿಹೋಗಿ ಮುಂದಿನ ವಾರವೂ ಬರಲು ಹೇಳಿದರು.

ಕಚೇರಿಯಲ್ಲಿ ಹೌದಪ್ಪನವರೊಡನೆ ಯಾರೂ ಮಾತಾಡುತ್ತಿರಲಿಲ್ಲ. ಅಕ್ಕ ಟೀ ಫ್ಲಾಸ್ಕನ್ನು ಅವರಿಗೆ ಎಟುಕದ ಕಡೆ ಇಟ್ಟಳು. ಮೇಸ್ತ್ರಿ ಡ್ರಾಯರಿನಿಂದ ಚಿಲಕಗಳನ್ನು ತೆಗೆದು ಅವರ ಮೇಜಿನ ಮೇಲೆ ಒಂದು ಸಲ ಇಟ್ಟು, ನೋಡಿಕೊಳ್ಳಿ ಎನ್ನುವಂತೆ ನೋಡಿ, ವಾಪಸು ತೆಗೆದುಕೊಂಡು ಹೋದ. ಹೆಡ್ ಗುಮಾಸ್ತರು ಯಾರನ್ನೂ ಉದ್ದೇಶಿಸದೆ ಗೋಡೆಯ ಕಡೆ ತಿರುಗಿ, ಕೆಲವರ ಕಣ್ಣಲ್ಲಿ ನೀರಿರುತ್ತದೆ, ತಲೆಯಲ್ಲಿರುವುದೂ ನೀರೇ ಎನ್ನುತ್ತಿದ್ದರು.

ಮಾತಾಡುತ್ತಿದ್ದವರು ಸಾಹೇಬರೊಬ್ಬರೇ. ಅವರು ಹೊಸ ಮನುಷ್ಯರಾಗಿದ್ದರು. ಮೊದಲಿಗಿಂತ ಬೇಗ ಬರುತ್ತಿದ್ದರು, ತಡವಾಗಿ ಹೋಗುತ್ತಿದ್ದರು. ತನ್ನನ್ನು ಇಷ್ಟು ಹಚ್ಚಿಕೊಂಡವನಿಗೆ ಗಾಳಿಯ ಕೊರತೆ ಆಗಬಾರದೆಂದು ಕಿಟಕಿಯ ಬಾಗಿಲುಗಳನ್ನು ಕೀಲು ಸಮೇತ ಕಿತ್ತು ಉಗ್ರಾಣದಲ್ಲಿ ಇರಿಸಿದರು. ಮರದ ಒಂದು ಕೊಂಬೆ ಈಗ ಒಳಗೇ ಬಂದು ಮೇಜಿನ ಮೇಲೆ ತಲೆಯಾಡಿಸುತ್ತಿತ್ತು. ದಿನಾ ಬೆಳಗ್ಗೆ ಸಾಹೇಬರು ಹೌದಪ್ಪನವರ ಬಳಿ ಬಂದು ನಿಲ್ಲುವರು. ಕೆಂಪಗೆ ಊದಿಕೊಂಡ ಕಣ್ಣುಗಳನ್ನು ನೋಡುವರು.

"ಇನ್ನೂ ಅಳ್ತಾ ಇದ್ದೀಯಲ್ಲಯ್ಯಾ. ನಾನು ಎಲ್ಲೂ ಹೋಗಲ್ಲ ಅಂದೆನಲ್ಲ," ಎಂದು ಸಮಾಧಾನ ಮಾಡಿ, ಬೆನ್ನು ತಟ್ಟಿ ಹೋಗುವರು.

ಹೋಗುವುದಿಲ್ಲ ಎಂಬ ಆ ಮಾತು ಕೇಳಿದಾಗಲೆಲ್ಲ ಹೌದಪ್ಪನವರಿಗೆ ನಿಜವಾಗಿಯೂ ಅಳು ಬರುವಂತಾಗುತ್ತಿತ್ತು.

ಒಂದು ದಿನ ಅಂಕಿ ಬರೆಯುತ್ತಿದ್ದವರಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಒಳಗೆ ಎಳೆದದ್ದು ಹೊರಗೆ ಬರಲೊಲ್ಲದು. ಹೆಂಡತಿ ಬಂದು ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಒಳಗೆ ಸಿಳ್ಳೆ ಹೊಡೆಯುತ್ತಿದೆ ಎಂದರು. ಇನ್ನೆರಡು ವರ್ಷ ಹೀಗೇ ಕೂತರೆ ಉಬ್ಬಸ ಕಾಯಂ ಆಗುತ್ತದೆ, ಆಮೇಲೆ ಊರಿನ ಮರಗಳನ್ನೆಲ್ಲ ಕಡಿದರೂ ಹೋಗುವುದಿಲ್ಲ. ಕಿಟಕಿ ಮುಚ್ಚಬೇಕು, ಇಲ್ಲವೇ ಕೆಲಸ ಬಿಡಬೇಕು. ಮೂರನೆಯದೊಂದು ದಾರಿ ಇದೆಯೇ ಎಂದು ಹೌದಪ್ಪನವರು ಕೇಳಿದ್ದಕ್ಕೆ, ಮಳೆ ಬರಬೇಕು ಎಂದರು.

ಮನೆಗೆ ಬಂದ ಮೇಲೆ ಹೆಂಡತಿ ಕೂಗಾಡಲಿಲ್ಲ. ಅದೇ ಹೌದಪ್ಪನವರಿಗೆ ಹೆದರಿಕೆಯಾದದ್ದು. ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಆಕೆ ಹೇಳಿದ್ದು ಇಷ್ಟೇ.

"ನಿಮ್ಮ ಸಾಹೇಬ್ರಿಗೆ ಬೇಜಾರಾಗುತ್ತೆ ಅಂತ ನೀವು ಉಸಿರು ಬಿಡ್ತೀರಾ? ನನಗೆ ಬೇಜಾರಾಗೋದು ಲೆಕ್ಕಕ್ಕಿಲ್ವಾ? ನಾಳೆ ಹೋಗಿ ಹೇಳಿ. ಹೇಳದೆ ಮನೆಗೆ ಬರಬೇಡಿ."

ಮರುದಿನ ಹೌದಪ್ಪನವರು ಸಾಹೇಬರ ಕೋಣೆಗೆ ಹೋಗಿ ನಿಂತರು. ಹೊರಗೆ ಹೆಡ್ ಗುಮಾಸ್ತರು, ಅಕ್ಕ, ಮೇಸ್ತ್ರಿ ಮೂವರೂ ಕೆಲಸ ನಿಲ್ಲಿಸಿ ಬಾಗಿಲು ನೋಡುತ್ತಾ ಕೂತರು. ಹೌದಪ್ಪನವರು ಮೊದಲು ಮೇಜು ಬದಲಾಯಿಸಿಕೊಡಿ ಎಂದರು. ಬೇರೆಯವರಿಗೆ ಹೊಟ್ಟೆಕಿಚ್ಚು ಎಂದು ನಿನ್ನ ಜಾಗ ಬಿಟ್ಟುಕೊಡುತ್ತೀಯಾ, ಅದೊಂದು ಆಗದು ಎಂದರು ಸಾಹೇಬರು. ಆರೋಗ್ಯ ಸರಿಯಿಲ್ಲ ಎಂದರು ಇವರು. ದುಃಖದಿಂದ ಹಾಗಾಗುತ್ತದೆ, ಗಾಳಿ ಕುಡಿ ಎಂದರು ಅವರು. ಕೊನೆಗೆ ಹೌದಪ್ಪನವರು ಕಣ್ಣು ಮುಚ್ಚಿಕೊಂಡು, ನೀರಿಗೆ ಹಾರುವವರಂತೆ ಹಾರಿಯೇಬಿಟ್ಟರು.

"ಸರ್, ನಾನು ಅವತ್ತು ಅತ್ತಿದ್ದು ನಿಮಗೋಸ್ಕರ ಅಲ್ಲ. ಆ ಮರ ನನಗೆ ಆಗಿಬರಲ್ಲ."

ಸಾಹೇಬರು ಎದ್ದು ಬಂದರು. ಹೌದಪ್ಪನವರು ಮುಖಕ್ಕೆ ಮಂಗಳಾರತಿ ಆಗುತ್ತದೆಂದು ಮುದುಡಿ ನಿಂತರು. ಸಾಹೇಬರು ಅವರ ತಲೆಯ ಮೇಲೆ ಕೈಯಿಟ್ಟರು. ಹೊರಗಿನವರು ಆಡಿಕೊಂಡು ನಿನ್ನಿಂದ ಹೀಗೆ ಹೇಳಿಸಿದ್ದಾರೆ, ನನಗೆ ತಿಳಿಯುವುದಿಲ್ಲವೇ, ಗಂಡಸು ಅತ್ತರೆ ಅದರಲ್ಲಿ ನಾಚಿಕೆಯೇನು, ಮರದ ಮೇಲೆ ಯಾಕೆ ಹಾಕಬೇಕು ಎಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ತನಗಾಗಿ ಒಬ್ಬರು ಅತ್ತರು ಎಂದರೆ ತನ್ನ ಹೆಂಡತಿ ಹೂಂ ಎಂದು ಸುಮ್ಮನಾಗಿಬಿಡುತ್ತಾಳೆ, ನಂಬಿದಂತೆ ಕಾಣುವುದಿಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ, ಅವಳೂ ನಿನ್ನನ್ನು ಒಮ್ಮೆ ನೋಡಲಿ.

ಹೌದಪ್ಪನವರ ತಲೆ ಮೇಲಿಂದ ಕೆಳಕ್ಕೆ ಆಡಿತು. ಹೊರಗೆ ಬಂದ ಅವರ ಮುಖ ನೋಡಿ ಮೂವರೂ ಏನೂ ಕೇಳದೆ ಕೆಲಸಕ್ಕೆ ಕೈಹಾಕಿದರು. ಮನೆಯಲ್ಲಿ, ಹೇಳಿದೆ ಆದರೆ ಅವರು ಕೇಳಿಸಿಕೊಳ್ಳಲಿಲ್ಲ ಎಂದು ವಿವರಿಸಲು ಸಂಜೆಯೆಲ್ಲ ಹಿಡಿಯಿತು.

ಭಾನುವಾರ ಹೌದಪ್ಪನವರು ಹೋದರು. ಸಾಹೇಬರ ಮನೆ ಎಂದರೆ ಗೋಡೆಗಿಂತ ಕಿಟಕಿಯೇ ಹೆಚ್ಚು. ಎಲ್ಲವೂ ಹಾರುಹೊಡೆದಿದ್ದವು. ಗೇಟಿನ ಒಳಗೆ, ಬಾಗಿಲ ಎದುರಿಗೇ ಹೂ ಹೊತ್ತ ಮರ. ಊಟದ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು ಹಳದಿ ಹುಡಿ. ಹೌದಪ್ಪನವರು ಕೂತ ಕೂಡಲೇ ಕಣ್ಣಿನಿಂದ ಶುರುವಾಯಿತು. ಸಾಹೇಬರು ಹೆಂಡತಿಯನ್ನು ಕೂಗಿ ಕರೆದು, ನೋಡು, ನನ್ನನ್ನು ಕಂಡರೆ ಸಾಕು ಇವನಿಗೆ ಹೀಗೆ ಎಂದು ಹೆಮ್ಮೆಯಿಂದ ತೋರಿಸಿ, ತಮ್ಮ ಹಳೆಯ ಫೋಟೋಗಳ ಆಲ್ಬಮ್ ತರಲು ಮಹಡಿ ಹತ್ತಿದರು.

ಸಾಹೇಬರ ಹೆಂಡತಿ ನೀರಿನ ಲೋಟ ಇಟ್ಟರು. ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದರು. ಮೂಗು ಕೆಂಪಗಿತ್ತು, ರೆಪ್ಪೆಗಳು ಊದಿದ್ದವು. ಮಹಡಿಯ ಮೆಟ್ಟಿಲ ಕಡೆ ಒಮ್ಮೆ ನೋಡಿ, ಮೇಜಿನ ಮೇಲೆ ಬಾಗಿ ಮೆಲ್ಲಗೆ ಕೇಳಿದರು.

"ಯಾವ ಮಾತ್ರೆ ತಗೋತೀರಿ?"

ಹೌದಪ್ಪನವರು ಬಾಯಿ ತೆರೆದವರು ತೆರೆದಂತೆಯೇ ಇದ್ದರು. ಆಮೇಲೆ ಮಾತ್ರೆಯ ಹೆಸರು ಹೇಳಿದರು. ಅದು ನಿದ್ದೆ ಬರಿಸುತ್ತದೆ ಎಂದರು ಆಕೆ. ಹೌದು ಎಂದರು ಇವರು. ಉಪ್ಪುನೀರು? ಎರಡು ಹೊತ್ತು. ಒದ್ದೆ ಬಟ್ಟೆ? ಕಟ್ಟುತ್ತೇವೆ, ನೀವು? ಈ ಮನೆಯಲ್ಲಿ ಕಟ್ಟುವುದೆಲ್ಲಿ ಎಂದು ಆಕೆ ಕಿಟಕಿಗಳ ಕಡೆ ಕೈ ತೋರಿಸಿದರು. ಒಂದೇ ಊರಿನವರು ಪರದೇಶದಲ್ಲಿ ಸಿಕ್ಕಿದಷ್ಟು ಸಂತೋಷ ಇಬ್ಬರಿಗೂ ಆಯಿತು. ಸಾಹೇಬರಿಗೆ ಯಾಕೆ ಹೇಳಲಿಲ್ಲ ಎಂದು ಹೌದಪ್ಪನವರು ಕೇಳಿಯೇಬಿಟ್ಟರು.

ಆಕೆ ಎದುರಿನ ಕುರ್ಚಿಯಲ್ಲಿ ಕೂತರು.

"ಮದುವೆ ಆದ ಹೊಸದು. ಇವರಿಗೆ ದೂರದೂರಿಗೆ ಬಡ್ತಿ ಬಂತು. ಪೆಟ್ಟಿಗೆ ಹಿಡ್ಕೊಂಡು ಗೇಟಿನ ಹತ್ರ ನಿಂತ್ರು, ಕಳಿಸೋಕೆ ನಾನು ಹೋದೆ. ಮರ ಹೂ ಬಿಟ್ಟಿತ್ತು. ನನ್ನ ಮುಖ ನೋಡಿದ್ರು, ಪೆಟ್ಟಿಗೆ ಕೆಳಗಿಟ್ರು. ಬಡ್ತಿನೇ ಬೇಡ ಅಂದ್ರು. ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ಒಳಗೆ ಹೋಗಿ, ಒಲೆ ಹಚ್ಚೋಕೆ ಬರದ ಮನುಷ್ಯ, ನನಗೆ ಕಾಫಿ ಮಾಡ್ಕೊಂಡು ಬಂದ್ರು. ಆಮೇಲೆ ಹ್ಯಾಗೆ ಹೇಳ್ಲಿ?"

ಹೌದಪ್ಪನವರು ನೀರಿನ ಲೋಟವನ್ನು ಆಕೆಯ ಕಡೆಗೆ ಸರಿಸಿದರು.

"ನನಗೆ ಅವರ ಮೇಲೆ ಪ್ರೀತಿ ಇಲ್ಲ ಅಂತಲ್ಲ," ಎಂದರು ಆಕೆ, ಮೂಗು ಒರೆಸಿಕೊಳ್ಳುತ್ತಾ. "ಪ್ರೀತಿ ನನ್ನದೇ. ಕಣ್ಣೀರು ಮಾತ್ರ ಮರದ್ದು. ಆದ್ರೆ ಅವರಿಗೆ ಕಣ್ಣಿಗೆ ಕಂಡಿದ್ದು ಅದೊಂದೇ ಅಲ್ವಾ? ಅವತ್ತು ನಿಮ್ಮ ಕಚೇರಿಯಿಂದ ಬಂದು, ಯಾರೋ ನನಗೋಸ್ಕರ ಅತ್ರು ಕಣೇ ಅಂದ್ರು. ಅಂಗಳದಲ್ಲಿ ಯಾವ ಮರ ಇದೆ ಅಂತ ನನಗೆ ಗೊತ್ತಿತ್ತು. ಸುಮ್ಮನಾದೆ. ಬೆಳಗಿನವರೆಗೂ ಆ ಗಡಿಯಾರ ಎಲ್ಲಿ ಹಾಕೋದು ಅಂತ ಮನೆಯೆಲ್ಲ ಓಡಾಡಿದ್ರು."

ಹೌದಪ್ಪನವರಿಗೆ ಎದೆಯ ಸಿಳ್ಳೆ ನೆನಪಾಯಿತು, ಡಾಕ್ಟರು ಹೇಳಿದ್ದು, ಹೆಂಡತಿ ಬಾಗಿಲ ಪಕ್ಕ ಕೂತು ಹೇಳಿದ್ದು ಎಲ್ಲ ನೆನಪಾಯಿತು. ಅದನ್ನು ಈಕೆಗೆ ಹೇಳಿದರು. ಕೇಳಿ ಆಕೆಯ ಮುಖ ಸಣ್ಣದಾಯಿತು. ಉಸಿರಿಗಿಂತ ದೊಡ್ಡದಿಲ್ಲ, ಇವತ್ತೇ ಇಬ್ಬರೂ ಸೇರಿ ಹೇಳಿಬಿಡೋಣ, ಆದದ್ದಾಗಲಿ ಎಂದರು. ಹೌದಪ್ಪನವರು ಒಪ್ಪಿದರು. ಇಬ್ಬರಿಗೂ ಈ ಮಾತಿನಿಂದ ನಿಜವಾಗಿಯೂ ಸಂಕಟವಾಯಿತು. ಅಷ್ಟರಲ್ಲಿ ಕಿಟಕಿಯಿಂದ ಒಂದು ಗಾಳಿ ಬೀಸಿ, ಬರಬೇಕಾದದ್ದಕ್ಕಿಂತ ನಾಲ್ಕು ಪಾಲು ಹೆಚ್ಚಾಗಿಯೇ ಕಣ್ಣೀರು ತರಿಸಿತು.

ಸಾಹೇಬರು ಆಲ್ಬಮ್ ಹಿಡಿದು ಕೆಳಗಿಳಿದಾಗ ಕಂಡದ್ದು ಇದು. ಮೇಜಿನ ಆಚೆ ಬದಿಗೆ ಹೆಂಡತಿ, ಈಚೆ ಬದಿಗೆ ಗುಮಾಸ್ತ, ಇಬ್ಬರ ಕೆನ್ನೆಯ ಮೇಲೂ ಧಾರೆ. ಅವರು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟರು.

"ನನ್ನ ವಿಷಯ ಮಾತಾಡ್ತಾ ಇದ್ರಾ?" ಎಂದು ಕೇಳಿದರು.

ಹೌದು ಎಂದರು ಇಬ್ಬರೂ. ಅದು ಸುಳ್ಳಲ್ಲ.

ಸಾಹೇಬರ ಗಲ್ಲ ನಡುಗಿತು. ಹೂವಿನ ಹುಡಿಗೆ ಜಗ್ಗದ ಆ ಕಣ್ಣುಗಳು ಮೊದಲ ಸಲ ತುಂಬಿಕೊಂಡವು, ಅಲ್ಲಿಗೇ ನಿಲ್ಲದೆ ಉಕ್ಕಿದವು. ದೊಡ್ಡ ಮನುಷ್ಯ, ಹತ್ತು ಜನರನ್ನು ಬೈದು ಬದುಕಿದವರು, ಬಾಯಿ ಸೊಟ್ಟ ಮಾಡಿಕೊಂಡು ಮಕ್ಕಳಂತೆ ಅತ್ತರು. ಅಳುತ್ತಲೇ ಅವರಿಗೆ ಒಮ್ಮೆಲೇ ಗಾಬರಿಯಾಯಿತು. ಬೀದಿಯಲ್ಲಿ ಜನ ಓಡಾಡುತ್ತಿದ್ದರು.

"ಯಾರಾದ್ರೂ ನೋಡ್ತಾರೆ," ಎಂದವರೇ ಓಡಿಹೋಗಿ ಒಂದು ಕಿಟಕಿ ಮುಚ್ಚಿದರು. ಮುಚ್ಚಿ ಅಭ್ಯಾಸವಿರದ ಬಾಗಿಲುಗಳು ತುಕ್ಕು ಹಿಡಿದು ಕಿರಗುಟ್ಟಿದವು. ಎರಡನೆಯದನ್ನು ಭುಜ ಕೊಟ್ಟು ಮುಚ್ಚಿದರು. ನಡುಮನೆ, ಅಡುಗೆಮನೆ, ಮಹಡಿ, ಎಲ್ಲ ಕಡೆ ದಡಬಡ ಸದ್ದಾಯಿತು. ಸದ್ದು ನಿಂತಾಗ ಮನೆಯೊಳಗೆ ಗಾಳಿಯೂ ನಿಂತಿತ್ತು. ಸ್ವಲ್ಪ ಹೊತ್ತಿಗೆ ಹೆಂಡತಿಯ ಮೂಗು ತೆರೆಯಿತು, ಹೌದಪ್ಪನವರ ಎದೆಯ ಸಿಳ್ಳೆ ತಣ್ಣಗಾಯಿತು. ಸಾಹೇಬರು ಕಣ್ಣೊರೆಸಿಕೊಂಡು ಬಂದು ನೋಡುತ್ತಾರೆ, ಇಬ್ಬರೂ ಸಮಾಧಾನವಾಗಿ ಕೂತಿದ್ದಾರೆ. ತನ್ನ ಅಳುವೇ ಇಬ್ಬರ ದುಃಖವನ್ನೂ ಇಳಿಸಿತು ಎಂದು ಅವರಿಗೆ ಅನಿಸಿತು.

ಊಟಕ್ಕೆ ಕೂತಾಗ ಅವರು ಒಂದು ಅಪ್ಪಣೆ ಕೊಟ್ಟರು. ಕಚೇರಿ ಎಂದರೆ ಹತ್ತು ಜನ ಬಂದು ಹೋಗುವ ಜಾಗ, ನೀನು ನನಗಾಗಿ ಕಣ್ಣೀರು ಹಾಕುವುದನ್ನು ಬಿಲ್ ಕಟ್ಟಲು ಬಂದವರೆಲ್ಲ ಯಾಕೆ ನೋಡಬೇಕು? ನಾಳೆಯೇ ಕಿಟಕಿ ಹಾಕಿಸುತ್ತೇನೆ. ಹೌದಪ್ಪನವರು ಸಾಹೇಬರ ಹೆಂಡತಿಯನ್ನು ನೋಡಿದರು. ಈಗ ಹೇಳೋಣವೇ ಎಂದು ಕೇಳುವಂತೆ ನೋಡಿದರು. ಆಕೆ ಅವರ ತಟ್ಟೆಗೆ ಇನ್ನಷ್ಟು ಬಡಿಸಿ, ಊಟ ಮಾಡಿ ಎಂದರು.

ಹೊರಟಾಗ ಆಕೆ ಗೇಟಿನವರೆಗೆ ಬಂದರು. ಹೌದಪ್ಪನವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದರು. ಬಿಸಿಲಿದೆ, ಹುಡಿ ಬೇರೆ, ನೀವು ಒಳಗೆ ಹೋಗಿ ಅಮ್ಮಾ ಎಂದರು.

"ನೀವು ಹೊರಡಿ. ನಾನು ಇಲ್ಲೇ ಸ್ವಲ್ಪ ಹೊತ್ತು ನಿಂತು ಹೋಗ್ತೀನಿ," ಎಂದು ಆಕೆ ಮರದ ಕೆಳಗೆ ನಿಂತರು. ಯಾಕೆಂದು ಹೌದಪ್ಪನವರಿಗೆ ತಿಳಿಯಲಿಲ್ಲ.

ಸೋಮವಾರ ಮೇಸ್ತ್ರಿ ಕಿಟಕಿ ಬಾಗಿಲುಗಳನ್ನು ಉಗ್ರಾಣದಿಂದ ತಂದು ಕೂರಿಸಿದ, ಹೊಸ ಚಿಲಕ ಜಡಿದ. ಅಕ್ಕ ಫ್ಲಾಸ್ಕನ್ನು ಹೌದಪ್ಪನವರ ಕೈಗೆಟುಕುವ ಕಡೆ ಸರಿಸಿದಳು. ಹೆಡ್ ಗುಮಾಸ್ತರು ಕುರ್ಚಿಯ ಆಸೆ ಇನ್ನೆರಡು ವರ್ಷ ಮುಂದಕ್ಕೆ ಹಾಕಿ, ಕಿಟಕಿಯಾದರೂ ಮುಚ್ಚಿತಲ್ಲ ಎಂದು ಬಾಯಿಬಿಟ್ಟು ಮಾತಾಡಿದರು. ಹೌದಪ್ಪನವರು ಮಾತ್ರೆಯಿಲ್ಲದೆ, ನಿದ್ದೆಯಿಲ್ಲದೆ, ಒಣ ಮೂಗಿನಲ್ಲಿ ಕೆಲಸ ಮಾಡಿದರು. ಹೆಂಡತಿ ಸಂಜೆ ಅವರ ಎದೆಗೆ ಕಿವಿಯಿಟ್ಟು ಕೇಳಿ, ಏನೂ ಕೇಳಿಸಲಿಲ್ಲ ಎಂದು ನಕ್ಕಳು.

ಕೆಲವು ದಿನ ಕಳೆಯಿತು. ಸಾಹೇಬರು ಎಂದಿನಂತೆ ಬೆಳಗ್ಗೆ ಬಂದು ಮೇಜಿನ ಬಳಿ ನಿಂತರು. ಹೌದಪ್ಪನವರ ಕಣ್ಣುಗಳನ್ನು ನೋಡಿದರು. ಬೆಳ್ಳಗೆ, ತಿಳಿಯಾಗಿ, ಒಣಗಿದ ಕಣ್ಣುಗಳು. ಆರೋಗ್ಯವಾಗಿದ್ದೀಯಾ ಎಂದಷ್ಟೇ ಕೇಳಿದರು. ಚೆನ್ನಾಗಿದ್ದೇನೆ ಎಂದಾಗ ಒಳ್ಳೆಯದು ಎಂದು ನಿಧಾನವಾಗಿ ತಮ್ಮ ಕೋಣೆಗೆ ಹೋದರು. ಮರುದಿನವೂ ಬಂದು ನೋಡಿದರು. ಅದರ ಮರುದಿನ ದೂರದಿಂದಲೇ ನೋಡಿ ಹೋದರು. ಅಂದು ಯಾರನ್ನೂ ಬೈಯಲಿಲ್ಲ, ಟೀ ಕುಡಿಯಲಿಲ್ಲ, ಅರ್ಧ ತೆರೆದ ಬಾಗಿಲಾಚೆ ಕೈಕಟ್ಟಿ ಕೂತಿದ್ದುದು ಕಾಣುತ್ತಿತ್ತು.

ಆ ಬಾಗಿಲನ್ನು ನೋಡುತ್ತಾ ಕೂತಿದ್ದ ಹೌದಪ್ಪನವರಿಗೆ, ಗೇಟಿನ ಹತ್ತಿರ ಸಾಹೇಬರ ಹೆಂಡತಿ ಮರದ ಕೆಳಗೆ ಯಾಕೆ ನಿಂತರೆಂದು ಈಗ ತಿಳಿಯಿತು. ಪೆನ್ನು ಕೆಳಗಿಟ್ಟರು. ಎಲ್ಲಿಗೆ ಎಂದು ಹೆಡ್ ಗುಮಾಸ್ತರು ಕೇಳಿದರು. ಈಗ ಬಂದೆ ಎಂದು ಹೇಳಿ ಅಂಗಳಕ್ಕೆ ಇಳಿದು, ಮರದ ಕೆಳಗೆ ಹೋಗಿ ನಿಂತು, ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡು, ಮೂಗು ತುಂಬ ಒಮ್ಮೆ ಉಸಿರೆಳೆದುಕೊಂಡರು.